ಮೆಟ್ರಿ ಹೊಲದ ಖಾಲಿ ಕುಣಿ

ಕಂಪ್ಲಿ
6-7-2025, ಭಾನುವಾರ ಮಧ್ಯಾಹ್ನ

ಪ್ರೀತಿಯ ಅವ್ವಾ, ಶರಣು.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಿನ್ನ ಮೊಣಕಾಲಿನ ಬಗ್ಗೆ ಕೇಳುತ್ತ ಹಾಳೆ ತುಂಬಿಹೋಗುತ್ತದೆ. ಅಪ್ಪನ ಕೊರಳಿನ ಲಿಂಗ ಅಪ್ಪನ ಜೊತೆ ಹೋಗಲಿಲ್ಲ. ಹೋದ ಶ್ರಾವಣದಿಂದ ಅದು ನನ್ನ ಹತ್ತಿರವೇ ಇದೆ.

ಈಗ ಹೇಳು, ಮೊಣಕಾಲು ಹೇಗಿದೆ? ಮಾವನ ಮನೆಯ ಮೆಟ್ಟಿಲು ಹತ್ತುತ್ತೀಯೋ, ಕೆಳಗೇ ಮಲಗುತ್ತೀಯೋ? ಸಂಡೂರಿನ ಕೆಂಪು ಧೂಳಿಗೆ ನಿನ್ನ ಕೆಮ್ಮು ಹೆಚ್ಚಾಗಿದೆ ಎಂದು ಮಾವ ಹೇಳಿದ. ನಾನು ಫೋನ್ ಮಾಡಿದಾಗಲೆಲ್ಲ ಉಂಡೆಯಾ ಎಂದಷ್ಟೇ ಕೇಳಿ ಮಾವನ ಕೈಗೆ ಕೊಟ್ಟುಬಿಡುತ್ತೀ. ಅದಕ್ಕೇ ಈ ಕಾಗದ. ನಮ್ಮ ಮಿಲ್ಲಿನ ತಿಪ್ಪೇಶ ಅಕ್ಕಿ ಲೋಡು ತೆಗೆದುಕೊಂಡು ಸಂಡೂರಿಗೆ ಬರುತ್ತಿದ್ದಾನೆ, ಸಂಜೆಯೊಳಗೆ ಮುಟ್ಟಿಸುತ್ತಾನೆ. ನಾನು ಉಣ್ಣುತ್ತಿದ್ದೇನೆ. ಮಿಲ್ಲಿನ ಗಾಡಿ ಓಡಿಸುವ ಕೆಲಸ ಇನ್ನೂ ಬಿಟ್ಟಿಲ್ಲ. ಪಿಯುಸಿ ಬಿಟ್ಟವನು ಹಂಪಿಯ ಸೈಕಲ್ ಅಂಗಡಿಯಲ್ಲೂ ನಿಲ್ಲಲಿಲ್ಲ, ಹೊಸಪೇಟೆಯ ಮೊಬೈಲ್ ರಿಪೇರಿಯಲ್ಲೂ ನಿಲ್ಲಲಿಲ್ಲ, ಇಲ್ಲಿ ನಿಂತಿದ್ದೇನೆ. ಇಷ್ಟಪಟ್ಟು ಅಲ್ಲ. ಬಿಡುವುದಕ್ಕೂ ಮನಸ್ಸು ಬೇಕಲ್ಲ, ಅದು ಬರುತ್ತಿಲ್ಲ.

ಅಪ್ಪನ ಶಾಲೆಯ ಪ್ರಯೋಗಾಲಯದ ಗಾಜಿನ ಕಪಾಟಿನಲ್ಲಿ ಒಂದು ಅಸ್ಥಿಪಂಜರ ಇತ್ತು, ನಿನಗೆ ನೆನಪಿದೆಯಲ್ಲ. ನಿಜವಾದದ್ದು, ಯಾವುದೋ ಕಾಲದಲ್ಲಿ ಬಂದದ್ದು. ಆಯುಧಪೂಜೆಯ ದಿನ ಬೇರೆ ಮಾಸ್ತರುಗಳು ತಮ್ಮ ಬೈಕು ತೊಳೆದರೆ, ನಮ್ಮಪ್ಪ ಜಡೆಪ್ಪ ಮಾಸ್ತರು ಸೂಕ್ಷ್ಮದರ್ಶಕಕ್ಕೆ ಕುಂಕುಮ ಹಚ್ಚಿ, ಆಮೇಲೆ ಕಪಾಟು ತೆಗೆದು ಆ ತಲೆಬುರುಡೆಯ ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದರು. ಎಂಟನೇ ತರಗತಿಯಲ್ಲಿ ನಾನೇ ಎಲ್ಲರಿಗಿಂತ ಜೋರಾಗಿ ನಕ್ಕಿದ್ದೆ. ಅಪ್ಪ ಸಿಟ್ಟಾಗಲಿಲ್ಲ. ‘ಅವನೂ ಯಾರಿಗೋ ಅಪ್ಪ ಆಗಿದ್ದಾನಲೇ. ನಿಮ್ಮಂಥಾ ಕತ್ತೆಗಳಿಗೆ ನಿಂತಕೊಂಡ ಪಾಠ ಹೇಳ್ಯಾನ. ಇಬತ್ತಿ ಹಚ್ಚಬಾರದೇನು?’ ಎಂದಿದ್ದರು. ದಿನಾ ಲಿಂಗಪೂಜೆ ಮುಗಿಯದೆ ಚಹಾ ಮುಟ್ಟದವರು, ಶಾಲೆಗೆ ಹೋಗಿ ಮನುಷ್ಯ ಹೇಗಾದ ಎಂಬ ಪಾಠ ಮಾಡುತ್ತಿದ್ದರು. ಇವೆರಡೂ ಒಂದಕ್ಕೊಂದು ಹೇಗೆ ಸರಿಹೋಗುತ್ತವೆ ಎಂದು ಅವರು ಯಾರಿಗೂ ವಿವರಿಸಿದ್ದನ್ನು ನಾನು ಕೇಳಿಲ್ಲ. ಅವರಿಗೆ ಅದು ಎರಡಾಗಿ ಕಂಡಿರಲೇ ಇಲ್ಲವೇನೋ. ನನಗೆ ಮಾತ್ರ ಎರಡೂ ಹಿಡಿಸಲಿಲ್ಲ. ವಿಜ್ಞಾನದಲ್ಲಿ ನಪಾಸಾದ ವರ್ಷವೇ ಕೊರಳಿನ ಲಿಂಗವನ್ನೂ ಬಿಚ್ಚಿ ದೇವರ ಜಗಲಿಯ ಮೇಲಿಟ್ಟೆ.

ಸತ್ತ ಮೇಲೆ ತಮ್ಮ ದೇಹವನ್ನು ಡಾಕ್ಟರ್ ಕಲಿಯುವ ಮಕ್ಕಳಿಗೆ ಕೊಡಬೇಕು ಎಂದು ಅಪ್ಪ ಅಡುಗೆಮನೆಯ ಹೊಸ್ತಿಲ ಮೇಲೆ ಕೂತೇ ಹೇಳಿದ್ದರು. ನೀನು ರೊಟ್ಟಿ ಬಡಿಯುತ್ತಿದ್ದೆ. ‘ಆತು ತಗೋರಿ, ನಿಮ್ಮ ಎಲುಬಿಗೂ ಒಂದು ಗಾಜಿನ ಕಪಾಟು ಮಾಡಸ್ತೀನಿ’ ಎಂದು ನೀನು ಅಂದೆ. ಮೂವರೂ ನಕ್ಕೆವು. ನೀನು ಅದನ್ನು ನಗೆಮಾತು ಎಂದುಕೊಂಡೆ. ನಾನು ಹಾಗೆ ಅಂದುಕೊಳ್ಳಲಿಲ್ಲ. ಅದಕ್ಕೇ ಅವತ್ತು ಹೊಸಪೇಟೆಯ ಆಸ್ಪತ್ರೆಯಲ್ಲಿ ತೀರಿಕೊಂಡ ಅಪ್ಪನನ್ನು ತಂದು ಅಂಗಳದಲ್ಲಿ ಕೂರಿಸಿದಾಗ, ಅಪ್ಪ ಹೇಳಿದಂತೆಯೇ ಆಗಬೇಕು ಎಂದು ನಾನು ಹಟ ಹಿಡಿದೆ. ಅಷ್ಟರಲ್ಲಿ ಮೆಟ್ರಿಯ ನಮ್ಮ ಹೊಲದಲ್ಲಿ ಮಲ್ಲಿಕಾರ್ಜುನ ಕಾಕಾ, ಸುದ್ದಿ ಮುಟ್ಟಿದ ಕೂಡಲೇ, ಹಿಂದಿನಿಂದ ಮಾಡಿಕೊಂಡು ಬಂದಂತೆ ಅಜ್ಜನ ಗದ್ದುಗೆಯ ಪಕ್ಕದಲ್ಲಿ ಅಪ್ಪನನ್ನು ಕೂರಿಸಲು ಕುಣಿ ತೋಡಿಸಿಬಿಟ್ಟಿದ್ದ. ಯಾರ ತಪ್ಪೂ ಅಲ್ಲ. ಅವನನ್ನು ತಡೆಯಬೇಕು ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ತೋಡಿದ ಕುಣಿ ಖಾಲಿ ಬಿಡಬಾರದು, ಅದು ಇನ್ನೊಬ್ಬರನ್ನು ಕರೆಯುತ್ತದೆ ಎಂದು ನೀನು ಅಂದೆ. ಅನ್ನುವಾಗ ನನ್ನ ಮುಖವನ್ನೇ ನೋಡಿದೆ. ಕೊನೆಗೆ ಮಠದ ಐನೋರು ಒಂದು ದಾರಿ ಹೇಳಿದರು: ದೇಹ ಹೋಗುವುದಾದರೆ ಹೋಗಲಿ, ಆದರೆ ಲಿಂಗ ಅಗಲಬಾರದು, ಕೊರಳಲ್ಲಿದ್ದಂತೆಯೇ ಹೋಗಲಿ. ಆ ಒಂದು ಮಾತಿನ ಮೇಲೆ ನೀನು ಒಪ್ಪಿದೆ.

ಮೆಡಿಕಲ್ ಕಾಲೇಜಿನಲ್ಲಿ ಕಾಕಾ ಗಾಡಿಯಲ್ಲೇ ಕೂತ. ಒಳಗೆ ಹೋದವನು ನಾನೊಬ್ಬನೇ. ಬಟ್ಟೆ, ದಾರ, ಬೆಳ್ಳಿ ಏನೂ ಮೈಮೇಲೆ ಇರುವಂತಿಲ್ಲ, ದೇಹ ಕೆಡದಂತೆ ಹಾಕುವ ಔಷಧದಲ್ಲಿ ಅವು ಯಾವುದೂ ಉಳಿಯುವುದಿಲ್ಲ ಎಂದರು. ಅಲ್ಲಿದ್ದ ವಯಸ್ಸಾದ ಜವಾನ ಅಪ್ಪನ ಎದೆಯ ಮೇಲಿನ ಲಿಂಗದ ಕರಡಿಗೆ ನೋಡಿ ಕೈ ಹಿಂದೆ ತೆಗೆದುಕೊಂಡ. ‘ಇದನ್ನ ನಾ ಮುಟ್ಟಬೌದೇನಪಾ, ಇಲ್ಲಾ ನೀನ ತಗೀತಿಯೇನು?’ ಎಂದ. ನಾನೇ ತೆಗೆದೆ, ಅವ್ವಾ. ಕಾಲೇಜಿನವರ ಮಾತಿನಲ್ಲಿ ತಪ್ಪಿರಲಿಲ್ಲ. ಐನೋರ ಮಾತಿನಲ್ಲೂ ತಪ್ಪಿರಲಿಲ್ಲ. ನಡುವೆ ಇದ್ದದ್ದು ನನ್ನ ಕೈ. ಮನೆಗೆ ಬಂದಾಗ ನೀನು ಕಟ್ಟೆಯ ಮೇಲಿಂದ, ‘ಲಿಂಗ ಮೈಮ್ಯಾಗ ಐತಿಲ್ಲಲೇ?’ ಎಂದು ಕೇಳಿದೆ. ಏನೂ ತಿಳಿಯದ ಕಾಕಾ, ‘ಐತಿ ಅತ್ತಿಗಿ’ ಎಂದುಬಿಟ್ಟ. ನಾನು ಸುಳ್ಳು ಹೇಳಲಿಲ್ಲ, ಬಾಯಿ ಮುಚ್ಚಿಕೊಂಡೆ ಅಷ್ಟೇ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳೇ.

ದೀಪಾವಳಿ ಆದಮೇಲೆ ಕಾಲೇಜಿನವರು ಕರೆದಿದ್ದರು. ನಿನಗೆ ಹೇಳದೆ ಹೋಗಿದ್ದೆ. ಹೊಸ ಮಕ್ಕಳು ಕತ್ತರಿ ಚಾಕು ಹಿಡಿಯುವ ಮೊದಲು ಮೇಜುಗಳ ಮುಂದೆ ಸಾಲಾಗಿ ನಿಂತು, ದೇಹ ಕೊಟ್ಟವರಿಗೆ ಕೈಮುಗಿದು ಪ್ರತಿಜ್ಞೆ ಮಾಡಿದರು. ಎಲ್ಲ ದೇಹಗಳಿಗೂ ಬಿಳಿ ಬಟ್ಟೆ ಹೊದಿಸಿದ್ದರು. ಯಾವುದು ಅಪ್ಪ ಎಂದು ಅವರು ಹೇಳುವುದಿಲ್ಲ. ಒಬ್ಬ ಹುಡುಗಿ, ಅಲ್ಲೇ ಎಲ್ಲೋ ಹಳ್ಳಿಯವಳಿರಬೇಕು, ಪುಸ್ತಕಕ್ಕೆ ಕಾಲು ತಗುಲಿದರೆ ಮಾಡುತ್ತೇವಲ್ಲ, ಹಾಗೆ ಮೇಜಿನ ಅಂಚು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಅದು ಅಪ್ಪನ ಮೇಜೇ ಎಂದು ಬರೆದರೆ ನಿನಗೆ ಸಮಾಧಾನವಾಗುತ್ತಿತ್ತು. ನನಗೆ ಗೊತ್ತಿಲ್ಲ. ನನಗೆ ಆಗ ಅಳುವೂ ಬರಲಿಲ್ಲ. ಹಲ್ಲು ಕೀಳುವಾಗ ಕೊಟ್ಟ ಮದ್ದು ಇಳಿಯದೆ ಕೆನ್ನೆ ಇನ್ನಾರದೋ ಅನ್ನಿಸುತ್ತದಲ್ಲ, ಹಾಗಿತ್ತು. ಈಗಲೂ ಹಾಗೇ ಇದೆ.

ಲಿಂಗವನ್ನು ಮೊದಲು ಜೇಬಿನಲ್ಲಿಟ್ಟೆ. ಗಾಡಿಯ ಕೀಲಿಯ ಜೊತೆ ಅದು ಸದ್ದು ಮಾಡುತ್ತಿತ್ತು. ತಡೆಯಲಾಗದೆ ಕೊರಳಿಗೆ ಹಾಕಿಕೊಂಡೆ. ಒಬ್ಬರ ಲಿಂಗವನ್ನು ಇನ್ನೊಬ್ಬರು ಕಟ್ಟಿಕೊಳ್ಳಬಾರದು ಎಂದು ಗೊತ್ತಿದೆ. ನಂಬಿಕೆ ಬಂದಿತೆಂದು ತಿಳಿಯಬೇಡ, ಬಂದಿಲ್ಲ. ಆದರೆ ಇದನ್ನೂ ಹೇಳಬೇಕು: ಬೇಸಿಗೆಯಲ್ಲಿ ಎಮ್ಮಿಗನೂರಿನ ಕಾಲುವೆಯ ತಿರುವಿನಲ್ಲಿ ನನ್ನ ಗಾಡಿ ಮಗುಚಿತು. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಬ್ರೇಕ್ ಸವೆದಿತ್ತು, ಮೂಟೆ ಹೆಚ್ಚಾಗಿತ್ತು, ಕಾರಣ ಅಷ್ಟೇ. ಆದರೂ ಗಾಡಿ ವಾಲುತ್ತಿದ್ದಾಗ ನನಗೆ ನೆನಪಾದದ್ದು ಬ್ರೇಕಲ್ಲ, ಮೆಟ್ರಿಯ ಕುಣಿ. ಆಮೇಲೆ ಗೊತ್ತಾಯಿತು, ನೀನು ಸಂಡೂರಿಗೆ ಹೋದದ್ದು ಸಿಟ್ಟಿನಿಂದ ಮಾತ್ರ ಅಲ್ಲ. ನನ್ನನ್ನು ನೋಡಿದಾಗಲೆಲ್ಲ ನಿನಗೆ ಆ ಕುಣಿಯೇ ಕಾಣುತ್ತದೆ.

ಖಾಲಿಯಾಗೇ ಮುಚ್ಚಲು ಮನಸ್ಸಾಗದೆ ಕುಣಿಯ ಮೇಲೆ ಕಾಕಾ ಬಂಡೆ ಹಾಕಿದ್ದ. ಹೋದ ಬೆಳೆಯ ನೀರಿಗೆ ಒಂದು ಬದಿ ಕುಸಿದಿದೆ. ಇನ್ನೇನು ಕಾಲುವೆಗೆ ನೀರು ಬಿಡುತ್ತಾರೆ, ಗದ್ದೆ ಹದ ಮಾಡಬೇಕು, ಎಷ್ಟಂತ ಕಾಯುವುದು ಎಂದು ಅವನೂ ಕೇಳುತ್ತಿದ್ದಾನೆ. ಲಿಂಗದ ವಿಷಯ ಅವನಿಗೂ ಐನೋರಿಗೂ ಹೇಳಿಲ್ಲ. ನಿನಗಿಂತ ಮೊದಲು ಬೇರೆಯವರಿಗೆ ತಿಳಿಯುವುದು ಬೇಡ ಎನ್ನಿಸಿತು.

ಕೆಮ್ಮಿಗೆ ಬಿಸಿನೀರು ಕುಡಿ. ಮಾವನಿಗೂ ಅತ್ತೆಗೂ ಶರಣು ಹೇಳು. ಬೈಯುವುದಿದ್ದರೆ ಎದುರಿಗೇ ಬೈಯಿ, ಫೋನಿನಲ್ಲಿ ಬೇಡ.

ನಿನ್ನ ಮಗ,
ವೀರೇಶ

ತಾ.ಕ.: ತಿಪ್ಪೇಶ ಹಾರ್ನ್ ಹೊಡೆಯುತ್ತಿದ್ದಾನೆ. ಮುಖ್ಯ ಮಾತು ಇದು. ನಾಳೆ ಕಾಕಾ ಟ್ರ್ಯಾಕ್ಟರ್ ತಂದು ಕುಣಿ ಮುಚ್ಚುತ್ತಾನೆ. ಮಧ್ಯಾಹ್ನದವರೆಗೆ ನಾನು ತಡೆಯಬಲ್ಲೆ. ಲಿಂಗವನ್ನು ಅದರಲ್ಲಿ ಇಡುವುದಾದರೆ ನೀನು ಇಡಬೇಕು. ತೆಗೆದ ಕೈ ನನ್ನದು, ಇಡುವ ಕೈ ನನ್ನದಾಗುವುದು ಬೇಡ. ಮಾವನನ್ನು ಕರೆದುಕೊಂಡು ಬಾ. ಬರದಿದ್ದರೆ ಬರೀ ಮಣ್ಣು ಬೀಳುತ್ತದೆ, ಲಿಂಗವನ್ನು ಸಂಡೂರಿಗೆ ತಂದು ನಿನ್ನ ಕೈಗೆ ಕೊಡುತ್ತೇನೆ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಮೆಟ್ರಿಗೆ ಹೊರಡುತ್ತೇನೆ.