ಗೊರಕೆ ನಿಂತ ಹೊತ್ತು

ಆಸ್ಪತ್ರೆಯ ವಸತಿಗೃಹ, ಎರಡನೇ ಮಹಡಿ
ಮಾರ್ಚ್ ೧೨, ಗುರುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯಾ? ಬೆರಳಿನ ಗಾಯ ಒಣಗಿತಾ? ಮಂಡಿ ಏನನ್ನುತ್ತಿದೆ? ಅಂಗಡಿಯ ಮೆಟ್ಟಿಲು ಹತ್ತುವಾಗ ಈಗಲೂ ನಡುವೆ ನಿಂತು, ಕಿಟಕಿಯಾಚೆ ಏನೋ ನೋಡುವವಳ ಹಾಗೆ ಸುಧಾರಿಸಿಕೊಳ್ಳುತ್ತೀಯಾ? ಭಾವನ ಕೆಮ್ಮು ಕಡಿಮೆಯಾಯಿತೇ? ಬೆರಳಿನ ವಿಷಯ ಇವಳಿಗೆ ಯಾರು ಹೇಳಿದರು ಎಂದು ಹುಬ್ಬು ಗಂಟಿಕ್ಕಬೇಡ. ನಿನ್ನ ಮಗಳೇ ಫೋನ್ ಮಾಡಿದ್ದಳು. ಅವಳನ್ನು ಬೈಯಬೇಡ, ಬೈಯಲೇಬೇಕೆನಿಸಿದರೆ ನನ್ನನ್ನು ಬೈ. ನನಗೆ ನಿನ್ನ ಬೈಗುಳ ಚಿಕ್ಕಂದಿನಿಂದ ಅಭ್ಯಾಸ.

ಫೋನಿನಲ್ಲಿ ಹೇಳುವುದನ್ನು ಕಾಗದದಲ್ಲಿ ಬರೆಯುತ್ತಿರುವುದಕ್ಕೆ ಕಾರಣ ನಿನಗೇ ಗೊತ್ತು. "ತಂಗಿಯಾಗಿ ಮಾತಾಡೋದಾದ್ರೆ ಮಾತಾಡು, ಡಾಕ್ಟರಾಗಿ ಮಾತಾಡೋದಾದ್ರೆ ಇಟ್ಟುಬಿಡ್ತೀನಿ" ಅಂತ ನೀನು ಕಾನೂನು ಮಾಡಿ ಆರು ವರ್ಷವಾಯಿತು. ನಾನು ಬಾಯಿ ತೆರೆಯುವ ಮೊದಲೇ ಎಷ್ಟು ಸಲ ಇಟ್ಟಿದ್ದೀಯಾ! ಕಾಗದವನ್ನು ಹಾಗೆ ಇಟ್ಟುಬಿಡಲು ಬರುವುದಿಲ್ಲ. ಮಡಚಿ ಹೊಲಿಗೆ ಯಂತ್ರದ ಖಾನೆಗೆ ತುರುಕಿದರೂ, ದಾರದ ಉಂಡೆ ಹುಡುಕುವಾಗ ಕೈಗೆ ಸಿಕ್ಕೇ ಸಿಗುತ್ತದೆ. ಆಗ ಓದು.

ನೀನು ಆ ಕಾನೂನು ಮಾಡಿದ್ದು ಸರಿ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಮಂಡಿನೋವು ಎಂದು ನೀನು ನನ್ನ ಹತ್ತಿರ ಬಂದಿದ್ದೆ. ನಾನು ತೂಕದ ಕಾಯಿಲೆಯ ಓದು ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದೆ, ತಲೆಯ ಮೇಲೆ ಕೋಡು ಮೂಡಿತ್ತು. ನಿನ್ನ ಮಂಡಿಯನ್ನು ಮುಟ್ಟಿಯೂ ನೋಡದೆ ಅಚ್ಚು ಹಾಕಿಸಿದ್ದ ಆಹಾರದ ಪಟ್ಟಿಯೊಂದನ್ನು ಕೈಗಿಟ್ಟು, "ಅಕ್ಕಾ, ಮೊದಲು ಸ್ವಲ್ಪ ಬಾಯಿ ಕಟ್ಟು" ಎಂದೆ. ಬಾಗಿಲ ಬಳಿ ನಿಂತಿದ್ದ ಇಬ್ಬರು ನರ್ಸುಗಳಿಗೂ ಕೇಳಿಸಿತು. ನೀನು ಹಾಳೆ ಮಡಚಿ, ಚೀಲದಲ್ಲಿಟ್ಟುಕೊಂಡು, ಬಸ್ಸಿಗೆ ಹೊತ್ತಾಯಿತು ಎಂದು ಹೊರಟೆ. ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ಆ ಹಾಳೆಯಲ್ಲಿ ಯಾವುದೋ ಮಗುವಿನ ಫ್ರಾಕಿನ ಕಾಲರಿಗೆ ನಮೂನೆ ಕತ್ತರಿಸಿದೆಯಂತೆ, ನಿನ್ನ ಮಗಳು ಹೇಳಿ ನಕ್ಕಳು. ಆ ಪಟ್ಟಿಯಿಂದ ಈ ಭೂಮಿಯ ಮೇಲೆ ಯಾರಿಗಾದರೂ ಉಪಕಾರ ಆಗಿದ್ದರೆ ಅದು ಆ ಮಗುವಿಗೇ.

ನಾನು ಈ ಕೆಲಸ ಆರಿಸಿಕೊಂಡಾಗ ಎಲ್ಲರೂ ಮೂಗು ಮುರಿದರು. ಹೃದಯ, ಮಿದುಳು ಬಿಟ್ಟು ಇದೇನು ಹಿಡಿದೆ ಎಂದರು. ನಮ್ಮ ದೊಡ್ಡ ಪ್ರೊಫೆಸರರಂತೂ "ದಪ್ಪಗಿರೋರಿಗೆ ಡಾಕ್ಟರ್ ಯಾಕಮ್ಮಾ, ಅಡುಗೆ ಮನೆಗೊಂದು ಬೀಗ ಸಾಕು" ಎಂದು ಇಡೀ ತರಗತಿಯನ್ನು ನಗಿಸಿದರು. ನೀನೂ ಏನೋ ಅಂದುಕೊಂಡಿರಬೇಕು, ನನ್ನ ನೋಡಿ ನಾಚಿಕೆಯಾಗಿ ಈ ಓದು ಹಿಡಿದಳು ಅಂತ. ಹಾಗಲ್ಲ ಅಕ್ಕಾ. ನಾವಿಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು. ನಾನು ತಟ್ಟೆ ಬಳಿದು, ನಿನ್ನ ಪಾಲಿಗೂ ಕೈ ಹಾಕುತ್ತಿದ್ದೆ. ಆದರೂ ನನ್ನನ್ನು ಗಾಳಿ ಬೀಸಿದರೆ ಹಾರಿಹೋಗುವ ಕಡ್ಡಿ ಎಂದರು, ನಿನ್ನನ್ನು ಡ್ರಮ್ಮು ಎಂದರು. ಒಂದೇ ಊಟ ಒಬ್ಬಳ ಮೈಗೆ ಹತ್ತಿ ಇನ್ನೊಬ್ಬಳಿಗೆ ಯಾಕೆ ಹತ್ತಲಿಲ್ಲ? ಹದಿನಾಲ್ಕು ವರ್ಷಕ್ಕೇ ನನಗೆ ಈ ಪ್ರಶ್ನೆ ಅಂಟಿಕೊಂಡಿತ್ತು, ನಾಚಿಕೆ ಅಲ್ಲ.

ಉತ್ತರ ಅರ್ಧ ಸಿಕ್ಕಿದೆ. ದೇಹ ಹಟಮಾರಿ ಅಜ್ಜಿಯ ಹಾಗೆ. ನೀನು ಒಂದು ತುತ್ತು ಬಿಟ್ಟರೆ ಅದು ಎರಡು ತುತ್ತಿನ ಹಸಿವು ಬಡಿಸುತ್ತದೆ. ಕೆಲವರ ಅಜ್ಜಿ ಸ್ವಲ್ಪ ಸಡಿಲ, ನಿನ್ನದು ಉಕ್ಕಿನ ಅಜ್ಜಿ. ಅದಕ್ಕೆ ಬೈಗುಳ ಮದ್ದಲ್ಲ. ಕೆಲವರಿಗೆ ಔಷಧಿ, ಕೆಲವರಿಗೆ ಶಸ್ತ್ರಚಿಕಿತ್ಸೆ, ಎಲ್ಲರಿಗೂ ತಾಳ್ಮೆ ಬೇಕು. ಇದನ್ನು ನಾನು ಪುಸ್ತಕದಲ್ಲಿ ಮೊದಲೇ ಓದಿದ್ದೆ. ತಲೆಗೆ ಹತ್ತಿದ್ದು ಮಾತ್ರ ನೀನು ಆ ದಿನ ಎದ್ದು ಹೋದ ಮೇಲೆ. ಮರುದಿನವೇ ಉಳಿದ ಪಟ್ಟಿಗಳನ್ನೆಲ್ಲ ಹರಿದುಹಾಕಿದೆ.

ನನ್ನ ಕೋಣೆ ನೀನು ಈಗ ನೋಡಬೇಕು. ಮುರಿದ ಮಂಚಗಳನ್ನು ಒಟ್ಟುತ್ತಿದ್ದ ಜಾಗ ಅದು. ಕುರ್ಚಿಗಳಿಗೆಲ್ಲ ಕೈ ಇದ್ದವು. ಬಂದವರು ಸಿಕ್ಕಿಕೊಂಡು, ಏಳುವಾಗ ಕುರ್ಚಿಯನ್ನೂ ಎತ್ತಿಕೊಂಡು ಏಳುವಂತಾಗಿ ಕಣ್ಣೀರು ಹಾಕಿದ್ದನ್ನು ನೋಡಿದ್ದೇನೆ. ಬಡಗಿಯನ್ನು ಕರೆದು ಕೈ ಕತ್ತರಿಸಿ ಎಂದೆ. "ಒಳ್ಳೇ ಕುರ್ಚಿಗೆ ಯಾಕ್ ಡಾಕ್ಟ್ರೇ ಈ ಶಿಕ್ಷೆ?" ಎಂದು ಆತ ಒಂದು ವಾರ ನನ್ನ ಕಂಡಾಗಲೆಲ್ಲ ಕೇಳಿದ. ತೂಕದ ಯಂತ್ರ ಮೊದಲು ಹೊರಗೆ, ಜನ ಕೂರುವ ಪಡಸಾಲೆಯಲ್ಲಿತ್ತು. ನರ್ಸಮ್ಮ "ನೂರಾ ಹದಿನೆಂಟೂ" ಎಂದು ಸಂತೆಯಲ್ಲಿ ಮೂಟೆ ತೂಗಿದ ಹಾಗೆ ಕೂಗುತ್ತಿದ್ದರು. ಅದನ್ನು ಒಳಗೆ ತಂದು, ಪರದೆ ಹಾಕಿಸಿದೆ. ಕೇಳದವರಿಗೆ ಅಂಕಿ ಹೇಳುವುದಿಲ್ಲ. ಇದು ಯಾವ ವಿದೇಶೀ ಪುಸ್ತಕದಿಂದ ಕಲಿತದ್ದಲ್ಲ, ಅಪ್ಪನಿಂದ ಕಲಿತದ್ದು. ಗಿರಾಕಿಯ ಸೊಂಟದ ಅಳತೆಯನ್ನು ಅಪ್ಪ ಎಂದಾದರೂ ಗಟ್ಟಿಯಾಗಿ ಹೇಳಿದ್ದುಂಟೇ? ಟೇಪು ಸುತ್ತಿ, ನಿನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಡುತ್ತಿದ್ದ, ನೀನು ಬರೆದುಕೊಳ್ಳುತ್ತಿದ್ದೆ. "ಅಳತೆ ಬಟ್ಟೆಗೆ ಬೇಕಾಗಿದ್ದು, ಬೀದಿಗಲ್ಲ" ಎನ್ನುತ್ತಿದ್ದ. ಹೊಲಿಗೆಯವನಿಗೆ ತಿಳಿದ ಮರ್ಯಾದೆ ನಮ್ಮ ಆಸ್ಪತ್ರೆಗಳಿಗೆ ತಿಳಿಯುವುದಕ್ಕೆ ಇಷ್ಟು ವರ್ಷ ಬೇಕಾಯಿತು.

ಈಗ ವಿಷಯಕ್ಕೆ ಬರುತ್ತೇನೆ, ಕಾಗದ ಕೆಳಗಿಡಬೇಡ. ಎರಡು ತಿಂಗಳ ಹಿಂದೆ ಒಬ್ಬ ಬಸ್ ಡ್ರೈವರ್ ಬಂದ. ಒಳ್ಳೆಯ ಆಳು, ನಗುಮುಖ. ಎರಡು ಸಲ ಹಾಡಹಗಲೇ ಸ್ಟಿಯರಿಂಗ್ ಹಿಡಿದುಕೊಂಡೇ ತೂಕಡಿಸಿ ಬಸ್ಸನ್ನು ರಸ್ತೆಯಂಚಿಗೆ ಇಳಿಸಿದ್ದನಂತೆ. ಡಿಪೋದಲ್ಲಿ ಎಲ್ಲರೂ ಸೋಮಾರಿ ಎಂದಿದ್ದಾರೆ. ಅವನ ಹೆಂಡತಿ ಫೋನಿನಲ್ಲಿ ಅವನ ಗೊರಕೆ ಹಿಡಿದಿಟ್ಟುಕೊಂಡು ಬಂದಿದ್ದಳು. "ಕೇಳಿ ಡಾಕ್ಟ್ರೇ, ಮನೆ ಹೆಂಚು ಹಾರೋದೊಂದು ಬಾಕಿ" ಎಂದು ನಗುತ್ತಾ ಹಚ್ಚಿದಳು. ಗೊರಕೆ ಬಂತು, ಏರಿತು, ಆಮೇಲೆ ನಿಂತಿತು. ಸುಮ್ಮನೆ ನಿಂತೇ ಇತ್ತು. ಆಮೇಲೆ ನೀರಿನಲ್ಲಿ ಮುಳುಗಿ ಮೇಲೆ ಬಂದವನ ಹಾಗೆ ಒಂದು ಏದುಸಿರು. ಇನ್ನೊಮ್ಮೆ ಹಚ್ಚಮ್ಮಾ ಎಂದೆ. ಅವನ ಕಾಯಿಲೆ ನನಗೆ ಹೊಸದಲ್ಲ, ನೂರಾರು ಜನರಲ್ಲಿ ನೋಡಿದ್ದೇನೆ. ಆದರೆ ಆ ಸದ್ದನ್ನು ನಾನು ಆಸ್ಪತ್ರೆಗಿಂತ ಮೊದಲು ನಮ್ಮ ಮನೆಯಲ್ಲೇ ಕೇಳಿದ್ದೆ.

ನಿನಗೆ ನೆನಪಿದೆ, ನಾನು ಕಾಲೇಜಿನ ಎರಡನೇ ವರ್ಷದ ರಜೆಗೆ ಬಂದಿದ್ದೆ. ಅಂಗಡಿಯಲ್ಲಿ ಹಾಡು ಕೇಳುವ ಅಪ್ಪನ ಟೇಪ್ ರೆಕಾರ್ಡರನ್ನು ನಿನ್ನ ದಿಂಬಿನ ಬಳಿ ಇಟ್ಟು ನಿನ್ನ ಗೊರಕೆ ಹಿಡಿದೆ. ಮರುದಿನ ಚಿಕ್ಕಮ್ಮ, ಅವರ ಮಕ್ಕಳು, ಎಲ್ಲರೂ ಸೇರಿದಾಗ ಹಚ್ಚಿದೆ. ಗೊರಕೆ ನಿಂತಾಗ ಚಿಕ್ಕಮ್ಮ "ಗಾಡಿ ಬ್ರೇಕ್ ಹಾಕ್ತು" ಎಂದರು. ಮತ್ತೆ ಶುರುವಾದಾಗ "ಹೊರಡ್ತು ನೋಡ್ರೋ" ಎಂದರು. ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆವು. ನೀನೂ ನಕ್ಕೆ, ಎಲ್ಲರಿಗೂ ಚಹಾ ತಂದುಕೊಟ್ಟೆ. ಆ ಕ್ಯಾಸೆಟ್ಟು ನನ್ನ ಪೆಟ್ಟಿಗೆಯಲ್ಲಿ ಹಳೆಯ ನೋಟ್ಸುಗಳ ಕೆಳಗೆ ಬಿದ್ದಿತ್ತು. ಡ್ರೈವರ್ ಹೋದ ಮೇಲೆ ಹುಡುಕಿ ತೆಗೆದು, ಹಳೇ ಪ್ಲೇಯರ್ ಒಂದನ್ನು ಬೇಡಿ ತಂದು, ಬಾಗಿಲು ಹಾಕಿಕೊಂಡು ಕೇಳಿದೆ. ಒಂದು ಗಂಟೆಯ ಕ್ಯಾಸೆಟ್ಟಿನಲ್ಲಿ ನಿನ್ನ ಉಸಿರು ಮೂವತ್ತೊಂದು ಸಲ ನಿಂತಿದೆ. ಒಂದು ಸಲ ಇಪ್ಪತ್ತೆಂಟು ಸೆಕೆಂಡು. ಆಗ ನಿನಗೆ ಇಪ್ಪತ್ತೆರಡು ವರ್ಷ. ನಾವು ನಗುತ್ತಿದ್ದುದು ನಿನ್ನ ಉಸಿರು ನಿಂತಾಗ. ಡಾಕ್ಟರಾದ ಮೇಲೂ ಇಪ್ಪತ್ತು ವರ್ಷ ನನಗೆ ಅದು ಹೊಳೆಯಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಆ ದೀಪ ನಾನೇ. ಕ್ಷಮಿಸು ಅನ್ನುವುದಕ್ಕೂ ಬಾಯಿ ಬರುತ್ತಿಲ್ಲ, ಆದರೂ ಕ್ಷಮಿಸು.

ಇದು ಹೀಗೆ ಆಗುತ್ತದೆ. ಎಚ್ಚರವಿದ್ದಾಗ ಗಂಟಲಿನ ದಾರಿ ತೆರೆದಿರುತ್ತದೆ. ನಿದ್ದೆಯಲ್ಲಿ ಸಡಿಲವಾಗಿ, ಕುತ್ತಿಗೆಯ ಭಾರಕ್ಕೆ ಮುಚ್ಚಿಕೊಳ್ಳುತ್ತದೆ. ಗಾಳಿ ಇಲ್ಲ ಎಂದು ಮಿದುಳು ತಟ್ಟಿ ಎಬ್ಬಿಸುತ್ತದೆ. ನಿನಗೆ ಎಚ್ಚರವಾದದ್ದೂ ಗೊತ್ತಾಗುವುದಿಲ್ಲ. ಗಂಟೆಗೆ ಮೂವತ್ತು ಸಲ ಯಾರಾದರೂ ನಿನ್ನನ್ನು ತಟ್ಟಿ ಎಬ್ಬಿಸಿದರೆ ಬೆಳಿಗ್ಗೆ ನೀನು ಹೇಗಿರುತ್ತೀಯಾ? ಹಾಗೇ ಇದ್ದೀಯಾ, ಇಷ್ಟು ವರ್ಷ. ಬೆಳಗಿನ ತಲೆನೋವು, ಇಳಿಯದ ರಕ್ತದೊತ್ತಡ, ಮಾತಿನ ನಡುವೆ ಕಣ್ಣು ಮುಚ್ಚುವುದು, ಎಲ್ಲ ಇದರದೇ ಮಕ್ಕಳು ಇರಬಹುದು. ಕುಂಭಕರ್ಣನ ತಂಗಿ ಎಂದು ನಿನ್ನನ್ನು ಎಲ್ಲರೂ ಆಡಿಕೊಂಡರಲ್ಲ, ಅಕ್ಕಾ, ಈ ಮನೆತನದಲ್ಲಿ ನಿನ್ನಷ್ಟು ಕಡಿಮೆ ನಿದ್ದೆ ಮಾಡಿದವರು ಬೇರೆ ಯಾರೂ ಇಲ್ಲ. ಆ ನಿದ್ದೆಗೆಟ್ಟ ಮೈಯಲ್ಲೇ ಅಪ್ಪನ ಅಂಗಡಿ ನಡೆಸಿದೆ, ಅರ್ಧ ಊರಿನ ಮಕ್ಕಳ ಸಮವಸ್ತ್ರ ಹೊಲಿದೆ, ನನ್ನನ್ನು ಓದಿಸಿದೆ. ಸೋಮಾರಿಯಂತೆ!

ಬೆರಳಿನ ಗಾಯಕ್ಕೆ, ಸೂಜಿ ಜಾರಿತು, ಕನ್ನಡಕ ಸರಿಯಿಲ್ಲ ಎಂದು ನೀನು ಎಲ್ಲರಿಗೂ ಹೇಳಿದ್ದೀಯಂತೆ. ನಿನ್ನ ಮಗಳು ನೋಡಿದ್ದಾಳೆ. ಪೆಡಲ್ ತುಳಿಯುತ್ತಲೇ ನಿನ್ನ ತಲೆ ವಾಲಿತು, ಕೈ ಬಟ್ಟೆಯ ಜೊತೆಗೇ ಸರಿಯಿತು, ಸೂಜಿ ಉಗುರಿನ ಮೂಲಕ ಇಳಿಯಿತು. ಡ್ರೈವರನಿಗೆ ರಸ್ತೆ, ನಿನಗೆ ಸೂಜಿ. ಬೆರಳು ವಾಸಿಯಾಗುತ್ತದೆ. ನನಗೆ ಭಯವಿರುವುದು ನಿನ್ನ ಹೃದಯದ ಬಗ್ಗೆ. ಉಸಿರಿಲ್ಲದೆ ದುಡಿಯುವ ಹೃದಯ ಒಂದು ದಿನ ಸಾಕು ಎನ್ನುತ್ತದೆ. ಸುಳ್ಳು ಹೇಳಿ ಸಮಾಧಾನ ಮಾಡುವುದು ನನಗೆ ಬರುವುದಿಲ್ಲ.

ಪರೀಕ್ಷೆ ಬಹಳ ಸುಲಭ. ಅಂಗೈಯಗಲದ ಯಂತ್ರ, ಎದೆಗೊಂದು ಪಟ್ಟಿ, ಮೂಗಿನ ಕೆಳಗೆ ಒಂದು ಸಣ್ಣ ಕೊಳವೆ. ನಿನ್ನ ಮನೆಯಲ್ಲೇ, ನಿನ್ನ ಹಾಸಿಗೆಯಲ್ಲೇ ಒಂದೇ ರಾತ್ರಿ. ಕಾಯಿಲೆ ಇದೆ ಎಂದಾದರೆ ಮಲಗುವಾಗ ಮುಖವಾಡ ತೊಟ್ಟುಕೊಳ್ಳುವುದು. ಅದು ಗಾಳಿ ಒತ್ತಿ ಗಂಟಲು ತೆರೆದಿಡುತ್ತದೆ. ಡ್ರೈವರ್ ಅದನ್ನು ಹಾಕಿಕೊಂಡ ಮೂರನೇ ವಾರ ಬಂದು "ಹತ್ತು ವರ್ಷದ ಬಾಕಿ ನಿದ್ದೆ ಮಾಡ್ಬಿಟ್ಟೆ ಡಾಕ್ಟ್ರೇ, ಹೆಂಡ್ತಿ ಮುಖ ಇಷ್ಟು ಚೆನ್ನಾಗಿದೆ ಅಂತ ಈಗ ಗೊತ್ತಾಯ್ತು" ಎಂದ. ಅವನ ತೂಕ ಇಳಿದದ್ದು ಎರಡೇ ಕಿಲೋ. ತೂಕ ಆಮೇಲಿನ ಮಾತು, ನೀನಾಗಿ ಕೇಳಿದ ದಿನ ಆಡುವ ಮಾತು. ಮೊದಲು ತೂಕ ಇಳಿಸು ಅನ್ನುವ ಮೂರು ಪದ ಇನ್ನು ನನ್ನ ಬಾಯಿಂದ ನೀನು ಕೇಳುವುದಿಲ್ಲ. ಆದರೆ ಈ ಒಂದು ಪರೀಕ್ಷೆಯ ವಿಷಯದಲ್ಲಿ ನಾನು ಬಿಡುವವಳಲ್ಲ. ಹಟದಲ್ಲಿ ನೀನು ನನಗೆ ಅಕ್ಕನೇ ಇರಬಹುದು, ನಾನೂ ಅದೇ ತಾಯಿಯ ಮಗಳು. ಒಪ್ಪಿಗೆ ಎಂದು ಒಂದು ಸಾಲು ಬರೆ.

ಭಾವನಿಗೆ ನಮಸ್ಕಾರ ಹೇಳು. ಗೊರಕೆ ತಾಳಲಾರದೆ ಮುಂದಿನ ಕೋಣೆಗೆ ಹಾಸಿಗೆ ಹೊತ್ತೊಯ್ದರಂತಲ್ಲ, ಮತ್ತೆ ಒಳಗೆ ತರಲು ಸಿದ್ಧರಾಗಿರಲಿ. ಮಗಳ ವಾರ್ಷಿಕ ಪರೀಕ್ಷೆ ಚೆನ್ನಾಗಿ ಆಗಲಿ. ನಿನ್ನ ಪಾದಕ್ಕೆ ನನ್ನ ತಲೆ.

ನಿನ್ನ ತಂಗಿ,
ಕಡ್ಡಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಮುಖ್ಯವಾದದ್ದನ್ನು ಹೇಳಲು ಧೈರ್ಯವಾಗಿರಲಿಲ್ಲ. ಕಳೆದ ಭಾನುವಾರ ಊಟವಾದ ಮೇಲೆ ನೀನು ಕುರ್ಚಿಯಲ್ಲಿ ಕಣ್ಣು ಮುಚ್ಚಿದಾಗ, ನಿನ್ನ ಮಗಳು ಪಕ್ಕದಲ್ಲಿ ಫೋನ್ ಇಟ್ಟು ನಿನ್ನ ಉಸಿರು ಹಿಡಿದು ನನಗೆ ಕಳಿಸಿದಳು. ನಾನೇ ಹೇಳಿದ್ದು. ನಿನ್ನನ್ನು ಕೇಳದೆ ಎರಡನೇ ಸಲ ಮಾಡಿದ ತಪ್ಪು, ಬೈಗುಳ ಸೇರಿಸಿಟ್ಟುಕೋ. ಅದರಲ್ಲಿ ಉಸಿರು ನಿಲ್ಲುತ್ತದೆ, ಅವಳು ಮೆಲ್ಲಗೆ ಎಣಿಸುತ್ತಾಳೆ. ನಲವತ್ತಕ್ಕೆ ಬಂದಾಗ ಅವಳ ದನಿ ನಡುಗುತ್ತದೆ, ನಲವತ್ತಾರಕ್ಕೆ ಅಮ್ಮಾ ಎಂದು ಕಿರುಚಿ ನಿನ್ನನ್ನು ಅಲುಗಾಡಿಸುತ್ತಾಳೆ. ಆಮೇಲೆ ನಿನ್ನ ದನಿ ಇದೆ, ನಿದ್ದೆಗಣ್ಣಿನದು: "ಯಾಕೆ ಪುಟ್ಟಾ, ಯಾಕೆ ಅಳ್ತೀಯಾ? ಏನೂ ಆಗಿಲ್ಲ, ನಾನಿದ್ದೀನಲ್ಲ." ಇದನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ನಿನ್ನ ಒಪ್ಪಿಗೆಯ ಸಾಲಿಗೆ ಕಾಯುವುದಿಲ್ಲ. ಶನಿವಾರ ಬೆಳಗಿನ ಮೊದಲ ಬಸ್ಸಿಗೆ ಯಂತ್ರ ತೆಗೆದುಕೊಂಡು ಬರುತ್ತಿದ್ದೇನೆ. ನೀನು ಆ ಮಗುವಿಗೆ ಹೇಳಿದ ಮಾತು ಸುಳ್ಳಾಗಬಾರದು.