ಪಿನ್ನು ಸಾಕಾಗಿದ್ದ ಆದೇಶ

ಮನೆಯಿಂದ,
ಸೋಮವಾರ, ಮಾರ್ಚ್ ೧೧

ಪ್ರೀತಿಯ ಪುಟ್ಟೀ,

ಹೇಗಿದ್ದೀಯಮ್ಮಾ? ಕೆಮ್ಮು ಇಳಿಯಿತೇ? ಎರಡನೇ ಕಂಬಳಿ ಕೊಟ್ಟರೇ? ನಿನಗಿಂತ ಮೊದಲು ಈ ಪತ್ರ ಓದುವ ಜೈಲಿನ ಸಾಹೇಬರಿಗೂ ನಮಸ್ಕಾರ. ನನ್ನ ಕಾಗೆಕಾಲು ಗುಬ್ಬಿಕಾಲು ಅಕ್ಷರಕ್ಕೆ ಅವರು ಬೈದುಕೊಳ್ಳದಿರಲಿ. ನಾವು ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಬರೆದಿದ್ದೇನೆ. ನಿನ್ನ ಅಮ್ಮ ವಾರಕ್ಕೊಮ್ಮೆ ನಿನ್ನ ಸೈಕಲ್ಲಿಗೆ ಗಾಳಿ ಹೊಡೆಸಿಕೊಂಡು ಬರುತ್ತಾಳೆ. ಯಾಕೆ ಎಂದು ಕೇಳುವ ಧೈರ್ಯ ನನಗಿಲ್ಲ. ನೀನಿಲ್ಲದೆ ಮನೆ ಬಿಕೋ ಎನ್ನುತ್ತದೆ ಕಣೇ.

ಇನ್ನು ನಮ್ಮ ಸರ್ಕಾರಿ ಪ್ರೆಸ್ಸಿನ ಸುದ್ದಿ. ಐದು ಜನ ಒಟ್ಟಿಗೆ ನಿಂತರೆ ವಿಚಾರಣೆಯಿಲ್ಲದೆ ಒಳಗೆ ಹಾಕಬಹುದು ಎಂದು ಗಲಾಟೆಯ ಕಾಲದಲ್ಲಿ ಹೊರಡಿಸಿದರಲ್ಲ, ಶಾಲೆಯ ಗೇಟಿನಲ್ಲಿ ನಿಂತಿದ್ದ ನಿಮ್ಮನ್ನು, ಐದೂ ಜನ ಟೀಚರುಗಳನ್ನು, ಎತ್ತಿಕೊಂಡು ಹೋದ ತುರ್ತು ಆದೇಶ, ಅದು ಮೂರು ತಿಂಗಳಿಗೊಮ್ಮೆ ಅವಧಿ ಮುಂದುವರಿದು ನಮ್ಮ ಬೈಂಡಿಂಗ್ ಮೇಜಿಗೇ ಬರುತ್ತಿತ್ತು. ನಾಲ್ಕು ಹಾಳೆ, ಮೂಲೆಯಲ್ಲೊಂದು ಪಿನ್ನು. ಅವಧಿ ಮುಗಿಯುವ ಕಾಗದಕ್ಕೆ ನಾವು ದಾರ ಹಾಕುವುದಿಲ್ಲ. ಪ್ರತಿ ಸಲ ಪಿನ್ನು ಹೊಡೆದು ಬಂದಾಗಲೂ, ಇನ್ನು ಮೂರೇ ತಿಂಗಳು ಎಂದು ಅಮ್ಮನಿಗೆ ಹೇಳುತ್ತಿದ್ದೆ.

ಹೋದ ವಾರ ಒಂದು ದಪ್ಪ ಕಟ್ಟು ಬಂತು: ದಾರದ ಹೊಲಿಗೆ, ರಟ್ಟು, ಬೆನ್ನಿಗೆ ಬಂಗಾರದ ಅಕ್ಷರ ಹಾಕಬೇಕಂತೆ. ಕೆಲಸದವನ ಬುದ್ಧಿ ನೋಡು, ಓದದೆಯೇ ಮೊದಲ ಪ್ರತಿ ಹೊಲಿದುಬಿಟ್ಟೆ. ಹೊಲಿಗೆ ಚೆನ್ನಾಗಿ ಕೂತಿತೆಂದು ಬೀಗಿದೆ ಬೇರೆ. ಅಂಚು ಕತ್ತರಿಸುವಾಗ ಕಣ್ಣಿಗೆ ಬಿತ್ತು, ಅದೇ ಆದೇಶವನ್ನು ಕಾಯಂ ಕಾಯ್ದೆ ಮಾಡುವ ಮಸೂದೆ. ಮೂರು ತಿಂಗಳು ಎಂಬ ಸಾಲೇ ಇಲ್ಲ. ನಿನ್ನನ್ನು ಒಳಗೇ ಇಡುವ ಕಾಯ್ದೆಗೆ ನಿನ್ನಪ್ಪನೇ ದಾರ ಹಾಕಿದ್ದ. "ಸಾರ್, ಇದಿನ್ನೂ ಪಾಸಾಗಿಲ್ವಲ್ಲ" ಎಂದೆ. "ಆಗೇ ಆಗುತ್ತೆ ಕಣಯ್ಯ, ನೀನು ಹೊಲಿ" ಎಂದರು ಮೇಸ್ತ್ರಿ. ಎರಡನೆಯ ಪ್ರತಿ ಮುಟ್ಟಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಕೆಲಸ ಅರ್ಧಕ್ಕೆ ಬಿಟ್ಟು ಮನೆಗೆ ಬಂದೆ. ಗಲಾಟೆ ನಿಂತು ವರ್ಷವಾಯಿತು, ಅಂಗಡಿಗಳೆಲ್ಲ ತೆರೆದಿವೆ, ಜ್ವರ ಬಿಟ್ಟವರಿಗೆ ಜೀವನಪೂರ್ತಿ ಕಷಾಯ ಕುಡಿಸುತ್ತಾರೆಯೇ? ಸಾಹೇಬರು ಇದನ್ನೂ ಓದಲಿ.

ಬಿಸಿನೀರು ಕುಡಿ. ಜೊತೆಯ ಟೀಚರಮ್ಮಂದಿರಿಗೆ ಕೇಳಿದೆನೆಂದು ಹೇಳು. ಬೇಗ ನಮ್ಮ ಕಣ್ಣೆದುರಿಗೆ ಬಾ, ತಾಯೀ.

ನಿನ್ನ ಅಪ್ಪ

ಮರೆತಿದ್ದೆ: ಮಸೂದೆಗೆ ಆಕ್ಷೇಪಣೆ ಇದ್ದವರು ಸಮಿತಿಯ ಮುಂದೆ ಖುದ್ದಾಗಿ ಬಂದು ಹೇಳಬಹುದಂತೆ, ಒಂದೇ ದಿನ. ಹೆಸರು ಕೊಟ್ಟಿದ್ದೇನೆ. ನಾಲ್ಕು ಜನರ ಮುಂದೆ ಬಾಯಿ ಬಿಟ್ಟವನಲ್ಲ ನಾನು, ನಿನಗೆ ಗೊತ್ತು. ಹಳೆಯ ಆದೇಶದ ಒಂದು ಪ್ರತಿ ಹಿಡಿದು, ಇದಕ್ಕೆ ಪಿನ್ನೇ ಸಾಕು ಎಂದಷ್ಟೇ ಹೇಳಿಬರುತ್ತೇನೆ. ಅದು ಈ ಗುರುವಾರ, ನಿನ್ನ ಭೇಟಿಯ ದಿನವೇ. ಅಮ್ಮ ಒಬ್ಬಳೇ ಬರುತ್ತಾಳೆ. ಜಾಲರಿಯ ಹತ್ತಿರ ನನ್ನನ್ನು ಹುಡುಕಬೇಡ, ಪುಟ್ಟೀ.