ಅಲಮಾರಿ ಸರಿಸಿ ನೋಡು

ಕೋಠಿ, ಹೈದರಾಬಾದ್
೨೧ ಜುಲೈ ೨೦೨೪

ಮಗಳೇ ದಾನೇಶ್ವರಿ,

ಕಲಬುರಗಿಯಲ್ಲಿ ನೀನೂ ನಿಮ್ಮಪ್ಪ ಬೂದೆಪ್ಪನೂ ಆರಾಮ ಇದ್ದೀರೆಂದು ನಂಬೀನಿ. "ಬಾಡಿಗೆಗೆ ಕೊಡಾಕ ನಿಮ್ಮ ಹೈದರಾಬಾದಿನ ನಾಚಾರಂನಾಗ ಒಂದು ಮನಿ ಕೊಳ್ಳಾಕತ್ತೀನಿ. ಅವ್ವನ ಮ್ಯಾಲೆ ಗೋಡಿ ಬಿದ್ದ ಮನ್ಯಾಗ ನಮಗಿಂತ ಮೊದಲು ಬಾಡಿಗೆಗಿದ್ದವರು ನೀವು. ನೀವೇ ನೋಡಿ ಬರ್ರಿ ಕಾಕಾ" ಅಂದಿದ್ದಿ. ನೋಡಿ ಎಂಟು ದಿನವಾತು. ತಡವಾದದ್ದಕ್ಕೆ ಬೈಕೋ. ಕಂಪನಿ ನಾಟಕದಾಗ ಒಂಬತ್ತು ಪುಟದ ಮಾತು ಒಂದೇ ಬೀಸಿಗೆ ಹೇಳಿದವ, ಈ ಕಾಗದಕ್ಕೆ ಐದು ಸಲ ಪೆನ್ನು ಕೆಳಗಿಟ್ಟೆ.

ಏನಂತ ಹೇಳಲಿ ಆ ಮನೆಯ ವೈಭವ! ಹೊಸ ಬಣ್ಣ ಧಗಧಗ! ಬಾಗಿಲಿಗೆ ತೋರಣ! ಏಜೆಂಟ್ ಶಿವಪ್ರಕಾಶ ಮಹಾರಾಜನ ಹಾಗೆ ಕೈ ಚಾಚಿ ನಿಂತಿದ್ದ. ಒಳಗೆ ಬಾಡಿಗೆದಾರಳು, ವತ್ಸಲಾ.

"ಐದು ವರ್ಷ ಆತ್ರಿ, ಒಂದು ಹನಿ ಸೋರಿಲ್ಲ," ಅಂದಳು.

"ನಳ ಎಷ್ಟು ಗಂಟೆಗೆ ಬರ್ತದವ್ವಾ?"

ಆಕೆ ಶಿವಪ್ರಕಾಶನ ಮುಖ ನೋಡಿದಳು, ಮಾತು ಮರೆತ ನಟಿ ಪರದೆಯ ಸಂದಿಗೆ ನೋಡುವ ಹಾಗೆ! ಲೈಟ್ ಹಾಕೆಂದರೆ ಫ್ಯಾನ್ ತಿರುಗಿತು. ಒಲೆಯ ಹಿಂದಿನ ಗೋಡೆಗೆ ಒಗ್ಗರಣೆಯ ಒಂದು ಕಲೆಯಿಲ್ಲ. ಐದು ವರ್ಷ ಉಪವಾಸವೇ?

ಮೂಲೆಯ ಅಲಮಾರಿಗೆ ಭುಜ ಕೊಟ್ಟೆ. "ಅರೇ ಅಂಕಲ್, ಛೋಡೋ ನಾ!" ಎಂದು ಶಿವಪ್ರಕಾಶ ಓಡಿ ಬರುವಷ್ಟರಲ್ಲಿ ಸರಿದೇ ಬಿಟ್ಟಿತು. ಹಿಂದೆ ಗೋಡೆ ತೊಯ್ದು ಉಬ್ಬಿತ್ತು. ಇಟ್ಟ ಬೆರಳು ಒಳಗೆ ಹೋಯಿತು.

ಬೇಡ ಮಗಳೇ, ಆ ಮನೆ ಬೇಡ. ಮುಂದೆ ಯಾವ ಮನೆಯಾದರೂ ಮಳೆ ಬಂದ ಮರುದಿನ, ಏಜೆಂಟನನ್ನು ಬಿಟ್ಟು ಹೋಗು. ಒಂದೇ ಗೋಡೆಗೆ ಹೊಸ ಬಣ್ಣವಿದ್ದರೆ ಅಲ್ಲೇ ನಿಲ್ಲು. ತಾರಸಿ ಹತ್ತು. ಒಳಗಿದ್ದವರನ್ನು ನಂಬಬೇಡ, ಪಕ್ಕದ ಮನೆಯ ಮುದುಕಿಯನ್ನು ಕೇಳು. ಬಾಡಿಗೆ ಎಷ್ಟು ಬಂದೀತು ಅನ್ನೋದು ಆಮೇಲೆ. ಆ ಗೋಡೆಯ ಬುಡಕ್ಕೆ ಯಾರೋ ತಮ್ಮ ಕೂಸು ಮಲಗಿಸ್ತಾರೆ, ಅದು ಮೊದಲು.

ಹೊರಟಾಗ ವತ್ಸಲಾ ಹಿಂದೆ ಬಂದಳು. "ನಾ ಇಲ್ಲಿರಾಕಿ ಅಲ್ರಿ ಕಾಕಾ. ಹೇಳು ಅಂದಿದ್ದು ಹೇಳೀನಿ. ಹೊಟ್ಟಿ ಐತಲ್ರಿ," ಅಂದಳು. ನನ್ನ ದನಿ ಎಂಥಾದ್ದು, ನಿನಗೆ ಗೊತ್ತು. ಬೈಯದೆ, ಆ ದನಿ ತಗ್ಗಿಸಿ, "ಮನಿಗೆ ಹೋಗವ್ವಾ," ಅಂದೆ.

ನೀನು ಕಾಲಿಟ್ಟ ಮನೆಗಳೆಲ್ಲ ಗಟ್ಟಿ ನಿಲ್ಲಲಿ. ಶರಣಬಸಪ್ಪನ ನೆರಳು ನಿನ್ನ ಮೇಲಿರಲಿ.

ನಿನ್ನ ಕಾಕಾ,
ಸೂಗಪ್ಪ

ತಾ.ಕ.: "ಪಾಪ, ಅಲ್ಲೇ ಇದ್ದ ಸೂಗಪ್ಪಗೂ ಗೋಡಿ ಹಸಿ ಇದ್ದದ್ದು ಗೊತ್ತಾಗಲಿಲ್ಲ," ಅಂತ ನಿಮ್ಮಪ್ಪ ಹನ್ನೆರಡು ವರ್ಷದಿಂದ ಹೇಳ್ತಾ ಬಂದಾನ. ಮಗಳೇ, ಗೋಡೆ ಬಿದ್ದ ಆ ಮನೆಯಲ್ಲಿ ನಾನು ಒಂದು ದಿನವೂ ಇರಲಿಲ್ಲ. ನಾಟಕ ಕಂಪನಿ ಮುಚ್ಚಿತ್ತು; ಒಬ್ಬ ಏಜೆಂಟ್ ಕರೆದು ಬಾಡಿಗೆದಾರನ ಪಾತ್ರ ಕೊಟ್ಟ. "ಒಂದು ಹನಿ ಸೋರಿಲ್ಲ," ಅಂತ ಮನೆ ನೋಡಲು ಬಂದ ನಿಮ್ಮಪ್ಪನ ಮುಂದೆ ಗುಡುಗಿದೆ. ಅವನು ಬರುವ ಮುಂಚೆ ಹಸಿ ಮೂಲೆಗೆ ಅಲಮಾರಿ ತಳ್ಳಿದವ ನಾನೇ. ನಿಮ್ಮವ್ವ ಗದಿಗೆಮ್ಮ ಆ ಅಲಮಾರಿಯ ಕೆಳಗೇ ಸಿಕ್ಕಳು. ಈ ಕಾಗದ ನಿಮ್ಮಪ್ಪಗೆ ಓದಿ ಹೇಳು.